ಗಂಡನ ಗುಟ್ಟನ್ನು ಬಂಡವಾಳ ಮಾಡಬೇಡಿ

ಪ್ರಶ್ನೆ: ನನಗೆ 39 ವರ್ಷ. ತವರು ಉಡುಪಿ ಕಡೆ. ಮದುವೆಯಾಗಿ ಡೊಂಬಿವಲಿಗೆ ಬಂದು ಹದಿಮೂರು ವರ್ಷವಾಯಿತು. ಆಸ್ಪತ್ರೆಯೊಂದರ ಇನ್ಶೂರೆನ್ಸ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಮಕ್ಕಳಾಗಲಿಲ್ಲ. ಅತ್ತೆ ಊರಿನಲ್ಲಿ ನಾಗಪ್ರತಿಷ್ಠೆ ಮಾಡಿಸಿದರು, ನಾವು ಇಲ್ಲಿ ಐವಿಎಫ್ ಮಾಡಿಸಿದೆವು. ಮೂರು ಸಲವೂ ಕೈಗೂಡಲಿಲ್ಲ. ತೊಂದರೆ ಇರುವುದು ನನ್ನ ಗಂಡನ ವೀರ್ಯಾಣುಗಳಲ್ಲಿ. ಇದು ನಮ್ಮಿಬ್ಬರಿಗೆ ಮತ್ತು ಡಾಕ್ಟರಿಗೆ ಮಾತ್ರ ಗೊತ್ತು. ಊರವರ ಕಣ್ಣಿಗೆ ಕೊರತೆ ನನ್ನದೇ. ಬೆಳಗಿನ ಲೋಕಲ್ ಹಿಡಿದು, ಘಾಟ್‌ಕೋಪರ್‌ನಲ್ಲಿ ಇಳಿದು ಮೆಟ್ರೊ ಹತ್ತಿ, ಅಂಧೇರಿಯಲ್ಲಿ ಸ್ಕ್ಯಾನ್ ಮುಗಿಸಿ ಕೆಲಸಕ್ಕೆ ಓಡುತ್ತಿದ್ದ ದಿನಗಳಲ್ಲಿ ನನ್ನಂಥವರು ಎಷ್ಟು ಜನ ಎಂದು ಕಂಡೆ. ನನ್ನ ಗೆಳತಿ ಎಂಬ್ರಿಯಾಲಜಿಸ್ಟ್. ಇಬ್ಬರೂ ಸೇರಿ ಒಂದು ಕಂಪನಿ ಶುರು ಮಾಡಬೇಕೆಂದಿದ್ದೇವೆ. ಕಲ್ಯಾಣ್, ವಿರಾರ್, ಪನ್ವೇಲ್ ಕಡೆಯವರಿಗೆ, ಒಂಟಿ ಹೆಂಗಸರಿಗೆ, ಮದುವೆಯಾಗದೆ ಜೊತೆಗಿರುವವರಿಗೆ, ಸಲಿಂಗಿ ಜೋಡಿಗಳಿಗೆ, ಎಲ್ಲರಿಗೂ ಬಾಗಿಲು ತೆರೆದಿರಬೇಕು ಎಂಬ ಆಸೆ. ನನ್ನ ಪಾಲಿನದು 22 ಲಕ್ಷ ಇದೆ. ಹಣ ಹೂಡಲು ಬಂದವರೊಬ್ಬರು, 'ನಿಮ್ಮ ಕಥೆಯೇ ನಿಮ್ಮ ಬ್ರ್ಯಾಂಡ್, ಅದನ್ನು ಪೂರ್ತಿಯಾಗಿ ಹೇಳಿ' ಅಂದರು. ಅಂದಿನಿಂದ ಗಂಡ ನನ್ನೊಡನೆ ಸರಿಯಾಗಿ ಮಾತಾಡುತ್ತಿಲ್ಲ. ಅತ್ತೆ 'ಮನೆ ಮರ್ಯಾದೆ ಹರಾಜು ಹಾಕಬೇಡ' ಅಂತಾರೆ. ಬಿಟ್ಟುಬಿಡಲೇ? ಅಂದಹಾಗೆ, ನಮ್ಮ ಎರಡು ಭ್ರೂಣಗಳು ಇನ್ನೂ ಕ್ಲಿನಿಕ್‌ನಲ್ಲಿವೆ. ವರ್ಷ ವರ್ಷ ಹಣ ಕಟ್ಟುತ್ತಿದ್ದೇವೆ.
— ಹೆಸರು ಬೇಡ, ಡೊಂಬಿವಲಿ

ಉತ್ತರ: ಬಿಡಬೇಡಿ. ಆದರೆ ಆ ಹೂಡಿಕೆದಾರರು ಕೇಳಿದ ಕಥೆಯಲ್ಲಿ ಅರ್ಧ ಮಾತ್ರ ನಿಮ್ಮದು. ಚುಚ್ಚುಮದ್ದು ಚುಚ್ಚಿಸಿಕೊಂಡದ್ದು, ಲೋಕಲ್‌ನಲ್ಲಿ ನಿಂತು ಹೋದದ್ದು, ಮೂರು ಸಲ ಫೋನಿನಲ್ಲಿ 'ಇಲ್ಲ' ಎಂದು ಕೇಳಿಸಿಕೊಂಡದ್ದು ನಿಮ್ಮದು. ಅದನ್ನು ಯಾರ ಮುಂದೆ ಬೇಕಾದರೂ ತಲೆಯೆತ್ತಿ ಹೇಳಿ. ವೀರ್ಯ ಪರೀಕ್ಷೆಯ ವರದಿ ನಿಮ್ಮ ಗಂಡನದು. ಅವರು ಮನಸಾರೆ ಒಪ್ಪುವ ತನಕ ಅದು ವೇದಿಕೆಯ ಮೇಲೂ ಬರಬಾರದು, ಹೂಡಿಕೆದಾರರ ಮೇಜಿನ ಮೇಲೂ ಬರಬಾರದು. 'ಯಾರಲ್ಲಿ ತೊಂದರೆ ಇತ್ತು?' ಎಂದು ಯಾರಾದರೂ ಕೇಳಿದರೆ, ಜೋಡಿಯೊಂದಕ್ಕೆ ಆ ಪ್ರಶ್ನೆ ಎದುರಾಗದ ಜಾಗ ಕಟ್ಟುವುದೇ ನಮ್ಮ ಕೆಲಸ ಎಂದು ಹೇಳಿ ಮುಂದಿನ ಮಾತಿಗೆ ಹೋಗಿ. ರೋಗಿಯ ಗುಟ್ಟು ಕಾಯುವ ಕಂಪನಿ ಕಟ್ಟ ಹೊರಟವರು ನೀವು. ನಿಮ್ಮ ಮೊದಲ ರೋಗಿ ನಿಮ್ಮ ಮನೆಯಲ್ಲೇ ಇದ್ದಾರೆ.

ಇಷ್ಟು ವರ್ಷ ಊರವರ ಮಾತು ನಿಮ್ಮ ಮೇಲೆ ಬಿದ್ದದ್ದು ಅನ್ಯಾಯ, ಅದನ್ನು ನಾನು ಹಗುರ ಮಾಡುವುದಿಲ್ಲ. ಸೀಮಂತಕ್ಕೆ ಕರೆಯದೆ ಬಿಟ್ಟದ್ದು, 'ಏನಾದರೂ ವಿಶೇಷ ಉಂಟಾ?' ಎಂದು ಪ್ರತಿ ಮದುವೆ ಮನೆಯಲ್ಲೂ ಕೇಳಿದ್ದು, ಇವನ್ನೆಲ್ಲ ನೀವು ಒಬ್ಬರೇ ನುಂಗಿದ್ದೀರಿ. ನಿಮ್ಮ ಗಂಡ ಒಂದೇ ಒಂದು ಸಲ ಅವರ ತಾಯಿಯ ಎದುರು ಕೂತು, 'ಅವಳದೇನೂ ತಪ್ಪಿಲ್ಲ, ಇನ್ನು ಅವಳನ್ನು ಏನೂ ಅನ್ನಬೇಡಿ' ಎಂದರೆ ಸಾಕು, ವರದಿಯ ವಿವರ ಬೇಕಿಲ್ಲ. ಇಷ್ಟನ್ನು ಕೇಳುವ ಹಕ್ಕು ನಿಮಗಿದೆ. ಆದರೆ ಇದು ಮನೆಯೊಳಗೆ ಆಗಬೇಕಾದ ಮಾತು. ಮನೆಯಲ್ಲಿ ಸಿಗದ ನ್ಯಾಯವನ್ನು ಕಂಪನಿಯ ಮೂಲಕ ಪಡೆಯಲು ಹೋದರೆ ಎರಡೂ ಹಾಳಾಗುತ್ತವೆ.

ಈಗ ಕಂಪನಿಯ ಮಾತು. ಮುಂಬೈಯ ಚರಿತ್ರೆ ನಿಮ್ಮ ಬೆನ್ನಿಗಿದೆ. 1986ರ ಆಗಸ್ಟ್ 6ರಂದು ಹರ್ಷಾ ಚಾವ್ಡಾ ಹುಟ್ಟಿದ್ದು ಪರೇಲ್‌ನ ಕೆಇಎಂ ಆಸ್ಪತ್ರೆಯಲ್ಲಿ. ವೈಜ್ಞಾನಿಕವಾಗಿ ದಾಖಲಾದ ಭಾರತದ ಮೊದಲ ಪ್ರನಾಳ ಶಿಶು ಹುಟ್ಟಿದ ಆ ಆಸ್ಪತ್ರೆ ಮಹಾನಗರ ಪಾಲಿಕೆಯದು, ಬಡವರು ಸಾಲು ನಿಲ್ಲುವ ಜಾಗ. ಡಾ. ಇಂದಿರಾ ಹಿಂದುಜಾ ಅವರ ಜೊತೆ ಕೈಜೋಡಿಸಿದ್ದು ಅಲ್ಲೇ ಪರೇಲ್‌ನ ಸಂತಾನೋತ್ಪತ್ತಿ ಸಂಶೋಧನಾ ಸಂಸ್ಥೆಯ ವಿಜ್ಞಾನಿ ಟಿ. ಸಿ. ಆನಂದ ಕುಮಾರ್. ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಇದೇ ಆನಂದ ಕುಮಾರ್, ಕಲ್ಕತ್ತೆಯ ಡಾ. ಸುಭಾಷ್ ಮುಖರ್ಜಿ ಅವರ ಟಿಪ್ಪಣಿಗಳನ್ನು ಓದಿ, 1978ರಲ್ಲೇ ಅವರು ಈ ಕೆಲಸ ಸಾಧಿಸಿದ್ದರು ಎಂದು 1997ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಮೊದಲಿಗರೆಂಬ ಹೆಸರನ್ನು ತಾವಾಗಿ ಬಿಟ್ಟುಕೊಟ್ಟರು. ಅಷ್ಟು ಹೊತ್ತಿಗೆ ಮುಖರ್ಜಿ ತೀರಿಹೋಗಿ ಹದಿನಾರು ವರ್ಷ ಕಳೆದಿತ್ತು. ಯಾರೂ ನಂಬದ ನೋವಿನಲ್ಲಿ ಅವರು 1981ರಲ್ಲಿ ಪ್ರಾಣ ಕಳೆದುಕೊಂಡಿದ್ದರು. ಸಾರ್ವಜನಿಕ ಆಸ್ಪತ್ರೆಯಲ್ಲಿ ಶುರುವಾದ ಈ ವಿದ್ಯೆ ನಲವತ್ತು ವರ್ಷಗಳಲ್ಲಿ ಬಾಂದ್ರಾ, ಅಂಧೇರಿಗಳ ಹವಾನಿಯಂತ್ರಿತ ಕೋಣೆಗಳಿಗೆ ಸರಿದದ್ದು ನನಗೆ ನೋವಿನ ಸಂಗತಿ. ಈಚಿನ ವರ್ಷಗಳಲ್ಲಿ ಸಿಎಸ್‌ಎಂಟಿ ಹತ್ತಿರದ ಸರ್ಕಾರಿ ಕಾಮಾ ಆಸ್ಪತ್ರೆಯಲ್ಲಿ ಐವಿಎಫ್ ಕೇಂದ್ರ ತೆರೆದಿರುವುದು ಒಳ್ಳೆಯದೇ. ಆದರೆ ಬದಲಾಪುರದ ಹೆಂಗಸಿಗೆ ಸಿಎಸ್‌ಎಂಟಿ ಕೂಡ ದೂರವೇ.

ನೀವು ಲ್ಯಾಬ್ ಕಟ್ಟಲು ಹೋಗಬೇಡಿ. ಅದು ಕೋಟಿಗಳ ವ್ಯವಹಾರ, ನಿಮ್ಮ 22 ಲಕ್ಷ ಅದರ ಅಡಿಪಾಯಕ್ಕೂ ಸಾಲದು. ಜನ ಸೋಲುವುದು ಲ್ಯಾಬ್‌ಗಿಂತ ಬಹಳ ಮುಂಚೆ, ಅದಕ್ಕೆ ಹೋಗುವ ದಾರಿಯಲ್ಲಿ. ಮಕ್ಕಳಾಗದ ಜೋಡಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಗಂಡಸಿನ ಕಡೆಯ ಕಾರಣವೂ ಇರುತ್ತದೆ. ಆದರೂ ಗರ್ಭನಾಳದ ಎಕ್ಸ್‌ರೇ, ಲ್ಯಾಪರೊಸ್ಕೋಪಿ ಎಲ್ಲ ಹೆಂಡತಿಗೆ ಆಗಿ ಮುಗಿದ ಮೇಲೆ, ಕೆಲವು ನೂರು ರೂಪಾಯಿಯಲ್ಲಿ ಮುಗಿಯುವ ವೀರ್ಯ ಪರೀಕ್ಷೆಗೆ ಗಂಡನನ್ನು ಒಪ್ಪಿಸುವ ಮನೆಗಳೇ ಹೆಚ್ಚು. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಮ್ಮವರನ್ನೇ ನೋಡಿ. ಕುಂದಾಪುರ, ಕಾರ್ಕಳದಿಂದ ಬಂದು ಇಲ್ಲಿನ ಹೋಟೆಲುಗಳಲ್ಲಿ ದುಡಿಯುವ ಅಡುಗೆಯವರು ದಿನವಿಡೀ ಒಲೆಯ ಬೆಂಕಿಯ ಎದುರು ನಿಂತಿರುತ್ತಾರೆ. ವೃಷಣಗಳಿಗೆ ಬಿಸಿ ಆಗದು, ವೀರ್ಯಾಣುಗಳ ಸಂಖ್ಯೆ ಇಳಿಯಬಹುದು. ಒಂದು ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಕೆಲಸದ ಜಾಗ ಬದಲಿಸಿ, ಗುಟ್ಕಾ ಬಿಟ್ಟು, ಮೂರು ತಿಂಗಳ ನಂತರ ಮತ್ತೆ ಪರೀಕ್ಷೆ ಮಾಡಿಸಿ ಎಂದು ಹೇಳುವವರು ಅವರಿಗೆ ಯಾರಿದ್ದಾರೆ? ಇನ್ನು ಎಷ್ಟೋ ಜನರ ಹೆಂಡತಿ ಊರಿನಲ್ಲೇ ಇರುತ್ತಾಳೆ. ಗಂಡ ವರ್ಷಕ್ಕೆ ಎರಡು ಸಲ ಹೋಗಿ ಬರುತ್ತಾನೆ. ಒಂದು ವರ್ಷ ಜೊತೆಯಲ್ಲಿದ್ದು, ಯಾವ ನಿರೋಧವೂ ಇಲ್ಲದೆ ಗರ್ಭ ನಿಲ್ಲದಿದ್ದರೆ ಮಾತ್ರ ವೈದ್ಯರು ಬಂಜೆತನದ ತಪಾಸಣೆಗೆ ಹೇಳುವುದು, ಹೆಂಡತಿಗೆ ಮೂವತ್ತೈದು ದಾಟಿದ್ದರೆ ಆರು ತಿಂಗಳು. ಈ ಜೋಡಿಗಳಿಗೆ ಜೊತೆಯಾಗಿ ಸಿಕ್ಕಿದ್ದು ಕೆಲವೇ ವಾರ. ಇವರಿಗೆ ಐವಿಎಫ್ ಮಾರುವುದು ಪಾಪ. ಇವರಿಗೆ ಬೇಕಾದದ್ದು ರಜೆ, ಅಂಡ ಬಿಡುಗಡೆಯಾಗುವ ದಿನಗಳ ತಿಳಿವಳಿಕೆ, ಇಲ್ಲಿ ಒಂದು ಖೋಲಿ.

ಕ್ಷಯವನ್ನೂ ಮರೆಯಬೇಡಿ. ಮುಂಬೈಯಲ್ಲಿ ಕ್ಷಯ ಮನೆಮನೆಯ ಕಾಯಿಲೆ, ಅದು ಗರ್ಭನಾಳಕ್ಕೆ ಇಳಿದರೆ ಕೆಮ್ಮು ಜ್ವರ ಯಾವುದೂ ಇಲ್ಲದೆ ನಾಳ ಮುಚ್ಚಿಬಿಡಬಹುದು. ಪರೇಲ್‌ನ ಟಾಟಾ ಸ್ಮಾರಕ ಆಸ್ಪತ್ರೆಗೆ ಕೀಮೊಥೆರಪಿಗೆ ಬರುವ ಹುಡುಗರನ್ನೂ ನೆನೆಯಿರಿ. ಔಷಧ ಶುರುವಾಗುವ ಮೊದಲೇ ವೀರ್ಯವನ್ನು ಶೈತ್ಯದಲ್ಲಿಟ್ಟರೆ ಮುಂದೆ ತಂದೆಯಾಗುವ ದಾರಿ ಉಳಿಯುತ್ತದೆ. ಕಲಬುರಗಿಯಿಂದ ಮಗನನ್ನು ಕರೆತಂದ ತಂದೆಗೆ ಆ ಗಾಬರಿಯಲ್ಲಿ ಈ ಮಾತು ಯಾರಾದರೂ ಅವರ ಭಾಷೆಯಲ್ಲೇ ಹೇಳಬೇಕು. ಕಲ್ಯಾಣ್ ಸ್ಟೇಷನ್ ಹತ್ತಿರ ಒಂದು ಚಿಕ್ಕ ಆಫೀಸು, ಭಾನುವಾರ ಮತ್ತು ರಾತ್ರಿ ಒಂಬತ್ತರವರೆಗೆ ತೆರೆದಿರಲಿ. ಕನ್ನಡ, ತುಳು, ಮರಾಠಿ, ಹಿಂದಿ ಮಾತಾಡುವ ಒಬ್ಬ ಕೌನ್ಸೆಲರ್, ವಾರಕ್ಕೆ ಎರಡು ದಿನ ಬರುವ ಸ್ತ್ರೀರೋಗ ತಜ್ಞೆ, ಗಂಡಸರ ಜೊತೆ ಮಾತಾಡಲು ಒಬ್ಬ ಗಂಡಸು ಡಾಕ್ಟರ್. ವೀರ್ಯ ಪರೀಕ್ಷೆಗೆ ನಂಬಿಕಸ್ತ ಲ್ಯಾಬ್ ಒಂದರ ಜೊತೆ ಒಪ್ಪಂದ, ಅದರ ಗುಣಮಟ್ಟ ನೋಡಿಕೊಳ್ಳಲು ನಿಮ್ಮ ಗೆಳತಿ. ಇದಕ್ಕೆ ನಿಮ್ಮ ಹಣ ಸಾಕಾಗುತ್ತದೆ.

ಎಲ್ಲರಿಗೂ ಬಾಗಿಲು ತೆರೆದಿರಬೇಕು ಎಂದಿರಿ. ಆ ಮಾತಿಗೆ ನನ್ನ ಪೂರ್ತಿ ಬೆಂಬಲವಿದೆ. ಆದರೆ ಬಾಗಿಲಿಗೆ ಬಂದವರಿಗೆ ಮೊದಲ ದಿನವೇ ಕಾನೂನಿನ ಸತ್ಯ ಹೇಳಿ. 2022ರ ಜನವರಿ 25ರಿಂದ ಜಾರಿಯಲ್ಲಿರುವ ನೆರವಿನ ಸಂತಾನೋತ್ಪತ್ತಿ ಕಾಯಿದೆ ಗಂಡಹೆಂಡತಿಯ ಜೋಡಿಯನ್ನು ಗುರುತಿಸುತ್ತದೆ, 21 ದಾಟಿದ ಒಂಟಿ ಹೆಂಗಸನ್ನೂ ಗುರುತಿಸುತ್ತದೆ. ಚಿಕಿತ್ಸೆಗೆ ಹೆಂಗಸಿಗೆ 50, ಗಂಡಸಿಗೆ 55 ಮೇಲಿನ ಮಿತಿ. ಒಂಟಿ ಗಂಡಸಿಗೆ ಅದರಲ್ಲಿ ಜಾಗವಿಲ್ಲ. ಮದುವೆಯಾಗದೆ ಜೊತೆಗಿರುವವರು ಜೋಡಿಯಾಗಿ ಬರುವಂತಿಲ್ಲ. ಇಬ್ಬರು ಹೆಂಗಸರು ಒಟ್ಟಿಗೆ ಬಾಳುತ್ತಿದ್ದರೆ ಅವರಲ್ಲಿ ಒಬ್ಬಳು ಒಂಟಿ ಹೆಂಗಸಾಗಿ ಚಿಕಿತ್ಸೆ ಪಡೆಯಬಹುದು. ಇನ್ನೊಬ್ಬಳಿಗೆ ಆ ಮಗುವಿನ ಮೇಲೆ ಕಾನೂನಿನ ತಾಯಿಯ ಹಕ್ಕು ಸಿಗುವುದಿಲ್ಲ. ಬಾಡಿಗೆ ತಾಯ್ತನದ ಕಾಯಿದೆ ಇನ್ನೂ ಬಿಗಿ, ಒಂಟಿ ಹೆಂಗಸರಲ್ಲಿ 35ರಿಂದ 45ರೊಳಗಿನ ವಿಧವೆ ಅಥವಾ ವಿಚ್ಛೇದಿತೆಗೆ ಮಾತ್ರ ಅವಕಾಶ. ಇವು ಬದಲಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಬದಲಾಗುವ ತನಕ ಇವನ್ನು ಮುಚ್ಚಿಟ್ಟು ಫೀಸು ತೆಗೆದುಕೊಂಡರೆ ನೀವು ನಂಬಿ ಬಂದವರಿಗೆ ಮಾಡುವುದು ಮೋಸ. ಹೇಳಿ, ಒಬ್ಬ ವಕೀಲರ ಜೊತೆ ಕೂರಿಸಿ, ಉಯಿಲು ಹೇಗೆ ಬರೆಯಬೇಕೆಂದು ತಿಳಿಸಿ. ದತ್ತು ಪಡೆಯುವ ದಾರಿಯನ್ನೂ ಅದೇ ಮೇಜಿನಲ್ಲಿ ವಿವರಿಸಿ. ನಿಮ್ಮ ಆಫೀಸಿನಲ್ಲಿ ವೀರ್ಯವನ್ನು ನೇರ ಗರ್ಭಕೋಶಕ್ಕೆ ಸೇರಿಸುವ ಐಯುಐ ಒಂದನ್ನು ಮಾಡಿದರೂ 1ನೇ ಹಂತದ ಕ್ಲಿನಿಕ್ ಎಂದು ನೋಂದಣಿ ಬೇಕು, ಅದಕ್ಕೆ 50,000 ರೂಪಾಯಿ. ಐವಿಎಫ್ ಮಾಡುವ 2ನೇ ಹಂತಕ್ಕೆ 2 ಲಕ್ಷ. ಸಲಹೆಯಲ್ಲೇ ನಿಂತರೆ ಆ ಹೊರೆ ಸದ್ಯಕ್ಕೆ ಇಲ್ಲ.

ನನಗೆ ನಿಜವಾಗಿ ಆತಂಕ ಇರುವುದು ಹಣ ಎಲ್ಲಿಂದ ಬರುತ್ತದೆ ಎಂಬುದರಲ್ಲಿ. ಮುಂಬೈಯಲ್ಲಿ 'ಕಟ್' ಎಂದರೆ ಏನೆಂದು ಆಸ್ಪತ್ರೆಯಲ್ಲಿ ದುಡಿಯುವ ನಿಮಗೆ ಹೇಳಬೇಕಿಲ್ಲ. ರೋಗಿಯನ್ನು ಕಳಿಸಿದ್ದಕ್ಕೆ ಕಮಿಷನ್ ಪಡೆಯುವುದು ವೈದ್ಯರಿಗೆ 2002ರ ನೀತಿ ನಿಯಮಗಳಲ್ಲೇ ನಿಷಿದ್ಧ. ನಿಮ್ಮ ಕಂಪನಿ ಕ್ಲಿನಿಕ್‌ಗಳಿಂದ ತಲೆಗಿಷ್ಟು ಎಂದು ಪಡೆಯತೊಡಗಿದ ದಿನ, ಕುಂದಾಪುರದ ಆ ಅಡುಗೆಯವನಿಗೆ 'ನಿನಗೆ ಐವಿಎಫ್ ಬೇಡ, ಹೆಂಡತಿಯನ್ನು ಕರೆಸಿಕೋ' ಎಂದು ಹೇಳುವ ಬಾಯಿ ನಿಮಗಿರುವುದಿಲ್ಲ. ಫೀಸು ಸಲಹೆಗೆ ಇರಲಿ, ಚಿಕ್ಕದಾಗಿರಲಿ, ಗೋಡೆಯ ಮೇಲೆ ಬರೆದಿರಲಿ. ದೊಡ್ಡ ಕಂಪನಿಗಳ ಎಚ್‌ಆರ್ ಜೊತೆ ಮಾತಾಡಿ, ಅವರ ನೌಕರರಿಗೆ ಸಲಹೆ ಕೊಡುವ ಒಪ್ಪಂದದಿಂದ ಸ್ಟೇಷನ್ ಪಕ್ಕದ ಆಫೀಸಿನ ಖರ್ಚು ತೂಗಿಸಬಹುದು. ನಿಮ್ಮ ಇನ್ಶೂರೆನ್ಸ್ ಅನುಭವ ಇಲ್ಲಿ ಬಂಗಾರ. ಆರೋಗ್ಯ ವಿಮೆಯ ಪತ್ರಗಳಲ್ಲಿ 'ಎಕ್ಸ್‌ಸಿಎಲ್17' ಎಂಬ ಸಂಕೇತದಡಿ ಬಂಜೆತನದ ಚಿಕಿತ್ಸೆಯನ್ನು ಹೊರಗಿಟ್ಟಿರುವುದನ್ನು ಎಷ್ಟು ಜನ ಓದಿರುತ್ತಾರೆ? ಆಫೀಸಿನ ಗುಂಪು ವಿಮೆಯಲ್ಲಿ ಇದನ್ನು ಸೇರಿಸಿಕೊಳ್ಳಿ ಎಂದು ಮಾಲೀಕರನ್ನು ಒಪ್ಪಿಸುವುದೇ ಒಂದು ಕೆಲಸ, ಅದನ್ನು ನೀವು ಮಾಡಬಲ್ಲಿರಿ.

ಮುಂಬೈಯಲ್ಲಿ ಈ ದಾರಿಯಲ್ಲಿ ನೀವೇ ಮೊದಲಿಗರಲ್ಲ. ಮೊದಲು ಫಿಟರ್ನಿಟಿ ಎಂಬ ಫಿಟ್‌ನೆಸ್ ಕಂಪನಿ ಕಟ್ಟಿದ್ದ ನೇಹಾ ಮೋಟ್ವಾನಿ ಇಲ್ಲೇ ಲೂಮಾ ಫರ್ಟಿಲಿಟಿ ಶುರು ಮಾಡಿದ್ದಾರೆ, ದೊಡ್ಡ ಹೂಡಿಕೆಯೂ ಬಂದಿದೆ. ಅವರೊಂದಿಗೆ ಪೈಪೋಟಿಗೆ ಇಳಿಯುವ ಅಗತ್ಯ ನಿಮಗಿಲ್ಲ, ಅವರು ತಲುಪಬಲ್ಲವರು ಬೇರೆ, ನೀವು ತಲುಪಬಲ್ಲವರು ಬೇರೆ. ಒಂದೇ ಎಚ್ಚರಿಕೆ: ಈ ಕ್ಷೇತ್ರದಲ್ಲಿ ಹೂಡಿಕೆದಾರರು ಬೇಗ ಲಾಭ ಕೇಳಿದಾಗ ಎಲ್ಲರ ಕೈ ಅಂಡಾಶಯದಲ್ಲಿ ಎಷ್ಟು ಅಂಡ ಉಳಿದಿವೆ ಎಂದು ಅಂದಾಜಿಸುವ ಎಎಂಎಚ್ ಪರೀಕ್ಷೆಯ ಕಡೆ ಹೋಗುತ್ತದೆ. ಯಾವ ತೊಂದರೆಯೂ ಇಲ್ಲದ ಇಪ್ಪತ್ತಾರರ ಹುಡುಗಿಗೆ ಆ ಅಂಕಿ ತಾನಾಗಿ ಗರ್ಭ ನಿಲ್ಲುತ್ತದೋ ಇಲ್ಲವೋ ಎಂದು ಹೇಳುವುದಿಲ್ಲ. ಅದನ್ನು ತೋರಿಸಿ ಹೆದರಿಸಿ ಅಂಡ ಶೈತ್ಯೀಕರಣ ಮಾರುವ ಕೆಲಸ ನೀವು ಮಾಡಬೇಡಿ. ಕಾಯಿದೆ ಕ್ಲಿನಿಕ್‌ಗಳಿಗೆ ಹೊರಿಸಿರುವ ಒಂದು ಹೊಣೆ ಇದೆ: ಫಲ ಸಿಗುವ ಸಾಧ್ಯತೆ, ಖರ್ಚು, ಅಪಾಯ ಎಲ್ಲವನ್ನೂ ವಿವರಿಸಿ ಜೋಡಿ ತಾನೇ ನಿರ್ಧರಿಸುವಂತೆ ನೆರವಾಗಬೇಕು. ಎಷ್ಟೋ ಕಡೆ ಅದು ಸಹಿಯ ಕಾಗದವಾಗಿ ಮುಗಿಯುತ್ತದೆ. ಆ ಒಂದು ಹೊಣೆಯನ್ನು ಪೂರ್ತಿ ಒಂದು ಗಂಟೆ ಕೂತು ನಿಭಾಯಿಸುವುದನ್ನೇ ನಿಮ್ಮ ಕಂಪನಿಯ ಕಸುಬಾಗಿಸಿ.

ಕೊನೆಗೆ ನೀವು 'ಅಂದಹಾಗೆ' ಎಂದು ಸೇರಿಸಿದ ಸಾಲು. ಆ ಎರಡು ಭ್ರೂಣಗಳು. ಪತ್ರದಲ್ಲಿ ನಾನು ಅತಿ ಹೆಚ್ಚು ಹೊತ್ತು ನಿಂತದ್ದು ಅಲ್ಲಿ. ನಿಮ್ಮ ಚಿಕಿತ್ಸೆ ಮುಗಿದಿದೆಯೋ ಇಲ್ಲವೋ ನೀವಿಬ್ಬರೂ ಇನ್ನೂ ತೀರ್ಮಾನಿಸಿಲ್ಲ. ಕಾಯಿದೆಯ ಪ್ರಕಾರ ಭ್ರೂಣಗಳನ್ನು ಹತ್ತು ವರ್ಷದವರೆಗೆ ಇಡಬಹುದು, ನಿಮಗಿನ್ನೂ ಸಮಯವಿದೆ. ಮತ್ತೊಮ್ಮೆ ಪ್ರಯತ್ನಿಸಬೇಕೆಂದಿದ್ದರೆ ಕಂಪನಿಯನ್ನು ಒಂದು ವರ್ಷ ಮುಂದೂಡಿ. ಆ ಚುಚ್ಚುಮದ್ದು, ಆ ಕಾಯುವಿಕೆ, ಹೊಸ ವ್ಯವಹಾರದ ಹೊರೆ ಮೂರನ್ನೂ ಒಟ್ಟಿಗೆ ಹೊರಲು ಆಗದು. ಸಾಕು ಎನಿಸಿದ್ದರೆ ಅದನ್ನು ಬಾಯಿಬಿಟ್ಟು ಹೇಳಿಕೊಳ್ಳಿ, ಇಬ್ಬರೂ ಅಳಬೇಕಾದಷ್ಟು ಅಳಿ. ಹಾಗೆ ತೀರ್ಮಾನಿಸದೆ ಆಫೀಸು ತೆರೆದರೆ, ಎದುರು ಕೂತ ಪ್ರತಿ ಹೆಂಗಸಿಗೂ ನಿಮಗೆ ಸಿಗದ ಫಲ ಸಿಗಲೇಬೇಕು ಎಂಬ ಹಟ ಬರುತ್ತದೆ, 'ಇನ್ನು ಸಾಕು ತಾಯಿ' ಎಂದು ಹೇಳಬೇಕಾದವಳಿಗೂ 'ಇನ್ನೊಂದು ಸಲ' ಎನ್ನುತ್ತೀರಿ.

ನಿಮ್ಮ ಗಂಡ ಮೌನವಾಗಿರುವುದಕ್ಕೆ ಕಂಪನಿಯ ಭಯದ ಜೊತೆ ಭ್ರೂಣಗಳ ಈ ತೀರ್ಮಾನವಾಗದ ಮಾತೂ ಕಾರಣವಿರಬಹುದು. ಅವರನ್ನು ಈ ಭಾನುವಾರ ಕೇಳಿ, ಮೊದಲು ಭ್ರೂಣಗಳ ವಿಷಯ, ಆಮೇಲೆ ಕಂಪನಿಯ ವಿಷಯ. ವರದಿಯ ಬಗ್ಗೆ ಎಲ್ಲೂ ಬಾಯಿಬಿಡುವುದಿಲ್ಲ ಎಂದು ಮಾತು ಕೊಟ್ಟೇ ಶುರು ಮಾಡಿ. ಮಾತು ಮುಂದೆ ಹೋಗದಿದ್ದರೆ ಇಬ್ಬರೂ ಒಬ್ಬ ಕೌನ್ಸೆಲರ್ ಹತ್ತಿರ ಹೋಗಿ, ನಿಮ್ಮ ಕ್ಲಿನಿಕ್‌ಗೆ ಸಂಬಂಧವಿಲ್ಲದವರ ಹತ್ತಿರ. ಆ ಹೂಡಿಕೆದಾರರಿಗೆ ಅಲ್ಲಿಯವರೆಗೆ ಯಾವ ಉತ್ತರವನ್ನೂ ಕೊಡಬೇಡಿ.