ಹೊಸ ದುಂಬಿಗೆ ಹೆಸರಿಡುವುದು ಹೇಗೆ?

ಬೇಸಿಗೆಯ ಕೊನೆಗೆ ನಾಲ್ಕು ಹನಿ ಮಳೆ ಬಿದ್ದ ಕೂಡಲೇ ಸಂಜೆ ಲೈಟಿಗೆ ಮುತ್ತುವ ಕಪ್ಪು ಹುಳ ನಿಮಗೆಲ್ಲ ಗೊತ್ತುಂಟು. ರಬ್ಬರ್ ತೋಟದ ಬದಿ ಮನೆ ಇದ್ದವರನ್ನು ಕೇಳುವುದೇ ಬೇಡ. ಹಂಚಿನ ಸಂದಿ, ಪಕ್ಕಾಸು, ಅಟ್ಟ, ಶಾಲೆಯ ಚೀಲ, ಎಲ್ಲ ಕಡೆ ಅದೇ. ಹಿಡಿಸೂಡಿಯಲ್ಲಿ ಗುಡಿಸಿ ಗುಡಿಸಿ ಅಮ್ಮನಿಗೆ ಸಾಕಾಗುತ್ತದೆ. ಕೇರಳದಲ್ಲಿ ಲೆಕ್ಕ ಹಾಕಿದವರು ಒಂದೊಂದು ಮನೆಯಲ್ಲಿ 5 ಲಕ್ಷದಿಂದ 40 ಲಕ್ಷಕ್ಕೂ ಹೆಚ್ಚು ಹುಳ ಇದ್ದವು ಎಂದು ಬರೆದಿದ್ದಾರೆ!

ಕಳೆದ ಮಾರ್ಚ್ ತಿಂಗಳಲ್ಲಿ ತೋಟದ ತರಗೆಲೆಯ ಅಡಿಯಲ್ಲಿ ನನಗೆ ಕೆಂಚು ಬಣ್ಣದ ಮೂರು ದುಂಬಿ ಸಿಕ್ಕಿದವು. ಆಕಾರ ಕಪ್ಪು ಹುಳದ್ದೇ, ಬಣ್ಣ ಮಾತ್ರ ಬೇರೆ. ನಾನು ಹೊಸ ಜಾತಿ ಕಂಡುಹಿಡಿದೆ ಅಂತ ತರಗತಿಯಲ್ಲೆಲ್ಲ ಹೇಳಿಬಿಟ್ಟೆ. ವಿಜ್ಞಾನದ ಸರ್ ನಗಲಿಲ್ಲ. "ಹಳೆಯದರ ಪಕ್ಕ ಇಟ್ಟು ನೋಡಿದ್ದೀಯಾ?" ಅಂತ ಮಾತ್ರ ಕೇಳಿದರು. ಸೀಸೆಯಲ್ಲಿ ಹಾಕಿ ಇಟ್ಟೆವು. ಮೂರನೇ ದಿನ ನೋಡಿದರೆ ಮೂರೂ ಕಪ್ಪು! ಕೋಶದಿಂದ ಆಗ ತಾನೇ ಹೊರಗೆ ಬಂದ ದುಂಬಿಯ ಮೈ ಮೆತ್ತಗೆ, ಕೆಂಚಗೆ ಇರುತ್ತದಂತೆ. ಆಮೇಲೆ ಗಟ್ಟಿಯಾಗಿ ಕಪ್ಪಾಗುತ್ತದೆ. ನಗಲು ಉಳಿದವರು ಇದ್ದೇ ಇದ್ದರು, ಅದು ಬಿಡಿ. ಹಾಗಾದರೆ ನಿಜವಾದ ಹೊಸ ಪ್ರಭೇದ ಎಂದು ಹೇಳುವುದು ಹೇಗೆ? ಸರ್ ಹೇಳಿದ್ದನ್ನೂ ಓದಲು ಕೊಟ್ಟದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ಕುಟುಂಬ ಯಾವುದು ಎಂದು ನೋಡಬೇಕು. ನಮ್ಮ ಕಪ್ಪು ಹುಳ ಟೆನೆಬ್ರಿಯಾನಿಡೆ ಎಂಬ ಕುಟುಂಬದ್ದು. ಕತ್ತಲೆ ಇಷ್ಟಪಡುವವು ಎಂದು ಆ ಹೆಸರಿನ ಅರ್ಥ. (ನಮ್ಮ ಹುಳ ಲೈಟಿಗೇ ಬರುತ್ತದೆ, ಹೆಸರಿಟ್ಟವರಿಗೆ ಅದು ಗೊತ್ತಿರಲಿಕ್ಕಿಲ್ಲ.) ಹಳೆ ಗೋಧಿ ಹಿಟ್ಟಿನಲ್ಲಿ ಓಡಾಡುವ ಕಂದು ಹುಳ ಕೂಡ ಇದೇ ಕುಟುಂಬ. ಈ ಕುಟುಂಬವನ್ನು ಗುರುತಿಸಲು ಪಾದದ ಗೆಣ್ಣು ಎಣಿಸಬೇಕು. ಮುಂದಿನ ಕಾಲಿಗೆ 5, ನಡುವಿನ ಕಾಲಿಗೆ 5, ಹಿಂದಿನ ಕಾಲಿಗೆ 4. ಲೆನ್ಸಿನಲ್ಲಿ ನಾನು ಸತ್ತ ಹುಳದ್ದು ಎಣಿಸಿದೆ, ಸರಿಯಾಗಿ 5-5-4 ಬಂತು! ಹಿಟ್ಟಿನ ಹುಳದ್ದು ಎಣಿಸಲು ಆಗಲಿಲ್ಲ, ಬಹಳ ಸಣ್ಣ.

ಕುಟುಂಬ ತಿಳಿದರೆ ಕೆಲಸ ಮುಗಿಯುವುದಿಲ್ಲ, ಅಲ್ಲಿಂದ ಶುರು. ಇದರಲ್ಲಿ 20,000ಕ್ಕೂ ಹೆಚ್ಚು ಪ್ರಭೇದಗಳಿವೆ. ನಮ್ಮ ಹುಳಕ್ಕೆ 1801ರಲ್ಲೇ ಫ್ಯಾಬ್ರಿಶಿಯಸ್ ಎಂಬ ಡೆನ್ಮಾರ್ಕಿನ ವಿಜ್ಞಾನಿ ಹೆಸರಿಟ್ಟಿದ್ದಾರೆ. ಈಗ ಅದನ್ನು ಲುಪ್ರಾಪ್ಸ್ ಟ್ರಿಸ್ಟಿಸ್ ಎನ್ನುತ್ತಾರೆ. ಟ್ರಿಸ್ಟಿಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ 'ಬೇಸರದಲ್ಲಿರುವ' ಎಂದು ಅರ್ಥ. ಬೇಸರ ಹುಳಕ್ಕೋ ನಮಗೋ! ಕೇರಳದವರು ಮುಪ್ಲಿ ವಂಡು ಅನ್ನುತ್ತಾರೆ. ತ್ರಿಶೂರ್ ಜಿಲ್ಲೆಯ ಮುಪ್ಲಿ ರಬ್ಬರ್ ಎಸ್ಟೇಟಿನಿಂದ ಆ ಹೆಸರು ಬಂದದ್ದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. 2007ರಲ್ಲಿ ಇದೇ ಲುಪ್ರಾಪ್ಸ್ ಕುಲದಲ್ಲಿ ಪಶ್ಚಿಮ ಘಟ್ಟದ ಕಡೆಯ ಒಂದು ಹೊಸ ಪ್ರಭೇದ ಪ್ರಕಟವಾಯಿತು. ಬರೆದವರು ಮೂವರು: ಕೋಳಿಕ್ಕೋಡಿನ ದೇವಗಿರಿ ಸೇಂಟ್ ಜೋಸೆಫ್ಸ್ ಕಾಲೇಜಿನ ಸಾಬು ಥಾಮಸ್, ಪಿ. ಅಭಿತಾ, ಮತ್ತು ಹಂಗೇರಿ ದೇಶದ ಬುಡಾಪೆಸ್ಟ್ ಮ್ಯೂಸಿಯಮ್ಮಿನ ಒಟ್ಟೊ ಮೆರ್ಕ್ಲ್. ಹೊಸ ದುಂಬಿಯ ಹೆಸರು ಲುಪ್ರಾಪ್ಸ್ ದೇವಗಿರಿಯೆನ್ಸಿಸ್, ಅಂದರೆ ದೇವಗಿರಿಯದ್ದು. 'ಎನ್ಸಿಸ್' ಎಂದು ಕೊನೆಗೆ ಬಂದರೆ ಅದು ಊರಿನ ಹೆಸರು ಎಂದು ತಿಳಿಯಿರಿ.

ನನಗೆ ಆಶ್ಚರ್ಯವಾದದ್ದು ಬೇರೆ. ಅವರು ಹೊಸದನ್ನು ಮಾತ್ರ ವರ್ಣಿಸಲಿಲ್ಲ. 1801ರ ಹಳೇ ಹುಳವನ್ನೂ ತಲೆಯಿಂದ ಕಾಲಿನವರೆಗೆ ಪುನಃ ವರ್ಣಿಸಿದರು. ಯಾಕೆಂದರೆ ಹಿಂದಿನ ಕಾಲದವರು ಬರೆದ ವರ್ಣನೆಗಳು ಬಹಳ ಚಿಕ್ಕವು. ಕಪ್ಪು, ಉದ್ದ ಇಷ್ಟು ಎಂದು ಬರೆದರೆ ಹತ್ತು ಹುಳಕ್ಕೆ ಹೊಂದುತ್ತದೆ. ಹಳೆಯದು ಯಾವುದು ಎಂದು ಸರಿ ಗೊತ್ತಿಲ್ಲದೆ ಇನ್ನೊಂದನ್ನು ಹೊಸದು ಎನ್ನುವುದು ಹೇಗೆ? ನಾನು ಮಾಡಿದ ತಪ್ಪೂ ಅದೇ. ಕೆಂಚು ಹುಳವನ್ನು ಅರ್ಧ ಗಂಟೆ ನೋಡಿದ್ದೆ, ಕಪ್ಪು ಹುಳವನ್ನು ದಿನಾ ಗುಡಿಸಿ ಹಾಕುತ್ತಿದ್ದೆ, ಒಮ್ಮೆಯೂ ಸರಿ ನೋಡಿರಲಿಲ್ಲ.

ವರ್ಣನೆ ಮಾಡುವಾಗ ಕುಡಿಮೀಸೆಯ ಗೆಣ್ಣುಗಳು, ಕಣ್ಣುಗಳ ನಡುವಿನ ಅಂತರ, ಗಟ್ಟಿ ರೆಕ್ಕೆಯ ಮೇಲಿನ ಚುಕ್ಕಿ ಗುಂಡಿಗಳು, ಕೂದಲು, ಕಾಲು, ಹೀಗೆ ಎಲ್ಲ ನೋಡುತ್ತಾರೆ. ಗಂಡು ಹೆಣ್ಣು ಬೇರೆ ಬೇರೆ ನೋಡಬೇಕು. ಹೊಟ್ಟೆಯ ಒಳಗಿನ ಭಾಗ ಬಿಡಿಸಿ ಚಿತ್ರ ಬರೆಯುವುದೂ ಉಂಟು. ಒಂದೇ ಹುಳ ನೋಡಿದರೆ ಸಾಲದು, ಅನೇಕ ನೋಡಬೇಕು. ಇಲ್ಲದಿದ್ದರೆ ನನ್ನ ಹಾಗೆ ಮರಿ ದುಂಬಿಗೆ ಹೆಸರಿಟ್ಟು ಮರ್ಯಾದೆ ಹೋಗುತ್ತದೆ.

ಅದರಲ್ಲಿ ಒಂದು ಹುಳವನ್ನು ಆರಿಸಿ ಹೋಲೋಟೈಪ್ ಎನ್ನುತ್ತಾರೆ. ಹೆಸರು ಆ ಒಂದು ಹುಳಕ್ಕೇ ಅಂಟಿಕೊಂಡಿರುತ್ತದೆ. ನೂರು ವರ್ಷ ಬಿಟ್ಟು ಯಾರಿಗಾದರೂ ಸಂಶಯ ಬಂದರೆ ಹೋಗಿ ಅದನ್ನೇ ನೋಡಬೇಕು. ಸೂಜಿ ಚುಚ್ಚಿ ಅಥವಾ ಸಣ್ಣ ಕಾಗದದ ತುಂಡಿಗೆ ಅಂಟಿಸಿ ಮ್ಯೂಸಿಯಂನಲ್ಲಿ ಇಡುತ್ತಾರೆ, ಕೆಳಗೆ ಚೀಟಿ: ಯಾವ ಊರು, ಯಾವ ದಿನ, ಹಿಡಿದವರು ಯಾರು. ವರ್ಣನೆ ಪ್ರಕಟವಾದ ಮೇಲೆಯೇ ಹೆಸರು ಊರ್ಜಿತ. ದೇವಗಿರಿ ದುಂಬಿಯದ್ದು ನ್ಯೂಜಿಲೆಂಡಿನಿಂದ ಹೊರಡುವ ಜೂಟಾಕ್ಸ ಎಂಬ ಪತ್ರಿಕೆಯಲ್ಲಿ ಬಂತು.

ಅಂದರೆ ಹೊಸ ಪ್ರಭೇದ ಎಂದರೆ ಯಾರೂ ನೋಡದ ಹುಳ ಎಂದಲ್ಲ. ಎಷ್ಟೋ ಜನ ನೋಡಿರಬಹುದು, ತುಳಿದಿರಬಹುದು. ಇನ್ನೊಂದರ ಪಕ್ಕ ಇಟ್ಟು ನೋಡಿದವರು ಇರಲಿಲ್ಲ, ಅಷ್ಟೇ. ನಾವು ಗುಡಿಸಿ ಚಿಮಿಣಿ ಎಣ್ಣೆ ಹಾಕಿ ಸುಡುವ ರಾಶಿಯಲ್ಲಿ ಎಲ್ಲವೂ ಒಂದೇ ಹುಳವೋ, ಎರಡು ಬಗೆಯೋ? ಈಗ ನಾನು ಸುಡುವ ಮೊದಲು ಗೆರಸೆಯಲ್ಲಿ ಹರಡಿ ನೋಡುತ್ತೇನೆ. ಇಷ್ಟರವರೆಗೆ ಬೇರೆಯದ್ದು ಸಿಕ್ಕಿಲ್ಲ.

ನನ್ನ ಸೀಸೆ ವಿಜ್ಞಾನದ ಕಪಾಟಿನಲ್ಲಿ ಉಂಟು, ಚೀಟಿಯಲ್ಲಿ ಊರು, ತಾರೀಕು ಬರೆದಿದ್ದೇನೆ. ಗೆಣ್ಣು ಎಣಿಸಬೇಕಾದವರು ಸರ್ ಹತ್ತಿರ ಲೆನ್ಸ್ ಕೇಳಿ. ಜೀವ ಇರುವ ಹುಳವನ್ನು ಬರಿಗೈಯಲ್ಲಿ ಹಿಸುಕಬೇಡಿ, ಅದು ಬಿಡುವ ರಸಕ್ಕೆ ಚರ್ಮ ಸುಟ್ಟ ಹಾಗೆ ಆಗುತ್ತದೆ. ನನ್ನ ಎಡಗೈಯಲ್ಲಿ ಕಲೆ ಈಗಲೂ ಉಂಟು.