ವ್ಯವಹಾರದ ಇಂಗ್ಲಿಷಿನಲ್ಲಿ ಸಬ್‌ಜಂಕ್ಟಿವ್: ಒಂದು ಅಕ್ಷರದ ಬೆಲೆ

ಕಂಪನಿಗಳ ನಿರ್ದೇಶಕ ಮಂಡಳಿಯ ಠರಾವುಗಳಲ್ಲಿ ‘ಬಿ ಅಂಡ್ ಈಸ್ ಹಿಯರ್‌ಬೈ’ ಎಂಬ ಪದಪುಂಜ ಮೇಲಿಂದ ಮೇಲೆ ಕಾಣುತ್ತದೆ. ‘ಬಿ’ ಮತ್ತು ‘ಈಸ್’ ಒಟ್ಟಿಗೆ ಏಕೆ ಬಂದಿವೆ ಎಂದು ಯೋಚಿಸುವವರು ವಿರಳ. ‘ಬಿ’ ಎಂಬುದು ‘ಆಗತಕ್ಕದ್ದು’ ಎಂಬ ಸಂಕಲ್ಪ. ‘ಈಸ್’ ಎಂಬುದು ‘ಆಗಿದೆ’ ಎಂಬ ವಾಸ್ತವ. ಸಂಕಲ್ಪ, ಬೇಡಿಕೆ ಅಥವಾ ಕಲ್ಪನೆಯನ್ನು ಸೂಚಿಸುವ ಕ್ರಿಯಾರೂಪವೇ ಸಬ್‌ಜಂಕ್ಟಿವ್. 2017ರ ಕೇಂದ್ರ ಜಿ.ಎಸ್.ಟಿ. ಅಧಿನಿಯಮವೂ ಆರಂಭವಾಗುವುದು ‘ಬಿ ಇಟ್ ಎನಾಕ್ಟೆಡ್’ ಎಂಬ ಇದೇ ರೂಪದಿಂದ.

ಈ ರೂಪವು ಅಳಿವಿನ ಹಾದಿಯಲ್ಲಿದೆ ಎಂದು 1926ರಲ್ಲಿ ಪ್ರಕಟವಾದ ತಮ್ಮ ಇಂಗ್ಲಿಷ್ ಬಳಕೆಯ ಕೋಶದಲ್ಲಿ ಎಚ್.ಡಬ್ಲ್ಯು. ಫೌಲರ್ ಅಭಿಪ್ರಾಯಪಟ್ಟಿದ್ದರು. ಆದರೆ ವ್ಯವಹಾರ ಪತ್ರಗಳಲ್ಲಿ ಅದು ಇಂದಿಗೂ ಜೀವಂತವಾಗಿದೆ. ಡಿಮಾಂಡ್, ಇನ್ಸಿಸ್ಟ್, ರಿಕ್ವೈರ್, ರಿಕ್ವೆಸ್ಟ್, ರೆಕಮೆಂಡ್ ಮೊದಲಾದ ಕ್ರಿಯಾಪದಗಳ ನಂತರ ‘ದಟ್’ ಬಂದು ಬೇಡಿಕೆಯನ್ನು ಸೂಚಿಸಿದಾಗ, ಮುಂದಿನ ಕ್ರಿಯಾಪದವು ಮೂಲರೂಪದಲ್ಲಿಯೇ ನಿಲ್ಲುತ್ತದೆ. ಅದಕ್ಕೆ ‘ಎಸ್’ ಸೇರುವುದಿಲ್ಲ. ಈಸ್, ವಾಸ್‌ಗಳ ಸ್ಥಾನದಲ್ಲಿ ‘ಬಿ’ ಬರುತ್ತದೆ.

ಈ ಎರಡು ವಾಕ್ಯಗಳನ್ನು ಹೋಲಿಸಿ ನೋಡಬಹುದು:

1. ದಿ ಬಯರ್ ಇನ್ಸಿಸ್ಟ್ಸ್ ದಟ್ ದಿ ಸಪ್ಲೈಯರ್ ಪೇ ದಿ ಫ್ರೈಟ್.
2. ದಿ ಬಯರ್ ಇನ್ಸಿಸ್ಟ್ಸ್ ದಟ್ ದಿ ಸಪ್ಲೈಯರ್ ಪೇಸ್ ದಿ ಫ್ರೈಟ್.

ಮೊದಲನೆಯದು ‘ಸಾಗಣೆ ವೆಚ್ಚವನ್ನು ಪೂರೈಕೆದಾರನೇ ಕೊಡಬೇಕು’ ಎಂಬ ಬೇಡಿಕೆ. ಎರಡನೆಯದು ಸಾಮಾನ್ಯವಾಗಿ ‘ಪೂರೈಕೆದಾರನೇ ಕೊಡುತ್ತಾನೆ’ ಎಂಬ ಹೇಳಿಕೆ. ಕನ್ನಡದಲ್ಲಿ ‘ಕೊಡಬೇಕು’, ‘ಕೊಡುತ್ತಾನೆ’ ಎಂಬ ರೂಪಗಳೇ ಬೇರೆಯಾದುದರಿಂದ ಗೊಂದಲಕ್ಕೆ ಎಡೆಯಿಲ್ಲ. ಇಂಗ್ಲಿಷಿನಲ್ಲಿ ಆ ವ್ಯತ್ಯಾಸವೆಲ್ಲ ಒಂದು ಅಕ್ಷರದಲ್ಲಿ ಅಡಗಿದೆ.

ಭೂತಕಾಲದಲ್ಲಿ ಅಪಾಯ ಇನ್ನೂ ಹೆಚ್ಚು. ‘ವಿ ಇನ್ಸಿಸ್ಟೆಡ್ ದಟ್ ದಿ ಗೂಡ್ಸ್ ಬಿ ಇನ್ಶೂರ್ಡ್’ ಎಂದರೆ ಸರಕಿಗೆ ವಿಮೆ ಮಾಡಿಸಬೇಕೆಂದು ಒತ್ತಾಯಿಸಿದ್ದೆವು ಎಂದರ್ಥ. ‘ಬಿ’ ಬದಲು ‘ವರ್’ ಎಂದು ಬರೆದರೆ, ವಿಮೆ ಆಗಿಯೇ ಇತ್ತೆಂದು ವಾದಿಸಿದೆವು ಎಂಬ ಅರ್ಥಕ್ಕೂ ಎಡೆಯಾಗುತ್ತದೆ. ದಾರಿಯಲ್ಲಿ ಸರಕು ಹಾಳಾಗಿ ಪತ್ರವ್ಯವಹಾರವನ್ನು ಪುರಾವೆಯಾಗಿ ಹಾಜರುಪಡಿಸಬೇಕಾದಾಗ ಈ ಅಂತರ ಹಣದ ಪ್ರಶ್ನೆಯಾದೀತು.

ಕೊಟೇಶನ್ ಬರೆಯುವಾಗಲೂ ಇದೇ ಎಚ್ಚರ ಅಗತ್ಯ. ‘ಇಫ್ ದಿ ಆರ್ಡರ್ ಈಸ್ ಫಾರ್ 1000 ಪೀಸಸ್’ ಎಂದರೆ ಸಾಧ್ಯವಿರುವ ಷರತ್ತು. ‘ಈಸ್’ ಬದಲು ‘ವರ್’ ಬಳಸಿದರೆ, ಅಂತಹ ಆರ್ಡರ್ ಬರುವ ನಿರೀಕ್ಷೆಯೇ ಇಲ್ಲವೆಂಬ ಧ್ವನಿ ಬರುತ್ತದೆ. ನಿಜವಾಗಿ ದರ ಕೊಡುವವರಿಗೆ ‘ಈಸ್’ ರೂಪವೇ ಸೂಕ್ತ.

ಸಬ್‌ಜಂಕ್ಟಿವ್‌ಗೆ ಒಂದು ಮಿತಿಯೂ ಉಂಟು. ‘ಯೂ’ ಅಥವಾ ಬಹುವಚನದ ಕರ್ತೃಪದ ಬಂದಾಗ ‘ಪೇ’ ಎಂಬುದು ಎರಡೂ ಅರ್ಥಗಳಲ್ಲಿ ಒಂದೇ ರೂಪದಲ್ಲಿರುತ್ತದೆ. ‘ವಿ ಇನ್ಸಿಸ್ಟ್ ದಟ್ ಯೂ ಪೇ’ ಎಂಬಲ್ಲಿ ಬೇಡಿಕೆಯನ್ನು ಹೇಳಿಕೆಯಿಂದ ಬೇರ್ಪಡಿಸುವ ಗುರುತೇ ಇಲ್ಲ. ಆದುದರಿಂದ ಪತ್ರಗಳಲ್ಲಿ ‘ಮಸ್ಟ್’, ಕರಾರುಗಳಲ್ಲಿ ‘ಶಲ್’ ಬಳಸಿ ಹೊಣೆಯನ್ನು ನೇರವಾಗಿ ಬರೆಯುವುದು ಕ್ಷೇಮಕರ. ಸಹಿ ಹಾಕುವ ಮುನ್ನ ಪ್ರತಿಯೊಂದು ಷರತ್ತನ್ನೂ ಮನಸ್ಸಿನಲ್ಲಿ ಕನ್ನಡಕ್ಕೆ ತಂದುಕೊಂಡು, ಅದು ‘ಆಗಬೇಕು’ ಎನ್ನುತ್ತಿದೆಯೋ ‘ಆಗಿದೆ’ ಎನ್ನುತ್ತಿದೆಯೋ ಎಂದು ಪರಿಶೀಲಿಸುವುದು ಒಳಿತು.