ಅಳತೆ ಬ್ಲೌಸ್ ಮನೆಯಲ್ಲೇ ಇರಲಿ

ದಾವಣಗೆರೆಯಲ್ಲಿ ಹೆಂಗಸರ ಬಟ್ಟೆ ಹೊಲಿಯುವುದು ನನ್ನ ಕಸುಬು. ಹರಿಹರದಿಂದಲೂ ಗಿರಾಕಿಗಳು ಬರುತ್ತಾರೆ. ಈಚೆಗೆ 20, 30 ಕೆಜಿ ಇಳಿಸಿಕೊಂಡವರು ಹೆಚ್ಚಾಗಿ ಬರುತ್ತಿದ್ದಾರೆ. ಕೆಲವರು ವಾಕಿಂಗ್, ಪಥ್ಯ ಮಾಡಿ, ಕೆಲವರು ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡು. ತೂಕ ಇಳಿಸುವ ದಾರಿ ಹೇಳುವವರು ಊರ ತುಂಬ ಇದ್ದಾರೆ. ಇಳಿದ ಮೈಯೊಂದಿಗೆ ಬಾಳುವುದು ಹೇಗೆಂದು ಹೇಳುವವರು ಕಡಿಮೆ. ಟೇಪು ಹಿಡಿದು ನಾನು ಕಲಿತದ್ದು ಇಷ್ಟು.

1. ಅಳತೆ ಬ್ಲೌಸ್ ತರಬೇಡಿ, ಮೈಯಳತೆ ಕೊಡಿ. ನಮ್ಮ ಕಡೆ ಸರಿಯಾಗಿ ಕೂತ ಹಳೇ ಬ್ಲೌಸೊಂದನ್ನು ಕವರಿನಲ್ಲಿ ತಂದುಕೊಡುವುದೇ ರೂಢಿ. ತೂಕ ಇಳಿದವರೂ ಅದನ್ನೇ ತರುತ್ತಾರೆ. “ಇದಕ್ಕಿಂತ ಒಂಚೂರು ಟೈಟ್ ಮಾಡ್ರಿ ಅಕ್ಕಾ” ಅನ್ನುತ್ತಾರೆ. ಟೇಪು ಸುತ್ತಿದರೆ ಎದೆಯಳತೆ 42ರಿಂದ 36ಕ್ಕೆ ಬಂದಿರುತ್ತದೆ. “ಇನ್ನೊಂದ್ಸಲ ಹಿಡೀರಿ, ತಪ್ಪಾಗೇತಿ” ಅನ್ನುತ್ತಾರೆ. ಹೊಸ ಬ್ಲೌಸ್ ತೊಟ್ಟು ಕನ್ನಡಿ ಮುಂದೆ ನಿಂತರೂ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಳ್ಳುವ ಕೈ ನಿಲ್ಲುವುದಿಲ್ಲ. ಅಲ್ಲಿ ಮುಚ್ಚುವುದಕ್ಕೆ ಏನೂ ಉಳಿದಿರುವುದಿಲ್ಲ, ಆದರೂ ಕೈಗೆ ಅದು ಗೊತ್ತಿಲ್ಲ. ಮೈ ಇಳಿದಷ್ಟು ಬೇಗ ಮನಸ್ಸಿನೊಳಗಿನ ಚಿತ್ರ ಇಳಿಯುವುದಿಲ್ಲ; ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಹಿಡಿಯುತ್ತದೆ. ಅದಕ್ಕೇ ಅಳತೆಯನ್ನು ತಾರೀಖು ಸಮೇತ ಚೀಟಿಯಲ್ಲಿ ಬರೆದು ಅವರ ಕೈಗೆ ಕೊಡುತ್ತೇನೆ. ಕಣ್ಣು ನಂಬದಿದ್ದಾಗ ಅಂಕಿ ನೋಡಿಕೊಳ್ಳಲಿ ಎಂದು.

2. ಜೋತ ಚರ್ಮ ನಿಮ್ಮ ತಪ್ಪಲ್ಲ. ಇಷ್ಟು ಕಷ್ಟಪಟ್ಟರೂ ತೋಳು ಜೋಲಾಡುತ್ತದಲ್ಲ ಎಂದು ಟ್ರಯಲ್ ರೂಮಿನಲ್ಲಿ ಅತ್ತವರನ್ನು ನೋಡಿದ್ದೇನೆ. ವರ್ಷಗಟ್ಟಲೆ ಹಿಗ್ಗಿದ ಚರ್ಮದ ಬಿಗಿ ಕಡಿಮೆಯಾಗಿರುತ್ತದೆ. ವ್ಯಾಯಾಮದಿಂದ ಅದರಡಿಯ ಸ್ನಾಯು ಗಟ್ಟಿಯಾಗಬಹುದು, ಆದರೆ ಚರ್ಮ ಪೂರ್ತಿ ಮೊದಲಿನಂತಾಗುತ್ತದೆ ಎಂಬ ಭರವಸೆ ಇಲ್ಲ. ಆಪರೇಷನ್ ಮಾಡಿಸಿ ತೆಗೆಸುವ ಮನಸ್ಸಿದ್ದರೂ, ತೂಕ ಕೆಲವು ತಿಂಗಳು ಒಂದೇ ಕಡೆ ನಿಲ್ಲಲಿ ಎಂದೇ ಡಾಕ್ಟರು ಹೇಳುತ್ತಾರೆ. ಸಡಿಲ ಚರ್ಮವನ್ನು ಬಿಗಿ ಬ್ಲೌಸಿನಲ್ಲಿ ಅಮುಕಿದರೆ ಕಂಕುಳ ಪಕ್ಕದಲ್ಲಿ ಉಬ್ಬುತ್ತದೆ. ನಮ್ಮೂರ ಬೇಸಿಗೆಯಲ್ಲಿ ಬೆವರಿ ಕೆಂಪಗೆ ಉರಿಯುತ್ತದೆ. ಮೊಣಕೈವರೆಗೆ ತೋಳು, ಕಾಟನ್ ಲೈನಿಂಗ್, ಕಂಕುಳಲ್ಲಿ ಅರ್ಧ ಇಂಚು ಸಡಿಲ: ನಾನು ಹೊಲಿಯುವುದು ಹೀಗೆ.

3. ಕೂದಲು ಉದುರಿದರೆ ಹೆದರಬೇಡಿ. ತೂಕ ಬೇಗ ಇಳಿದ ಎರಡು ಮೂರು ತಿಂಗಳಿಗೆ ಉದುರುವುದುಂಟು, ಬಹುಪಾಲು ಮತ್ತೆ ಬರುತ್ತದೆ. ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಿ.

4. ಬೀರುವಿನ ಬಟ್ಟೆಯನ್ನೆಲ್ಲ ಒಂದೇ ಸಲ ಹಿಡಿಸಬೇಡಿ. ತೂಕ ನಿಲ್ಲುವವರೆಗೆ ಎರಡು ಮೂರು ಜೊತೆ ಸಾಕು. “ಹೊಲಿಗೆ ಒಳಗೆ ಮಿಕ್ಕಿರೋ ಬಟ್ಟೆ ಕತ್ತರಿಸಿಬಿಡ್ರಿ, ಮತ್ತೆ ದಪ್ಪ ಆಗೋ ಮಾತೇ ಇಲ್ಲ” ಎಂದು ಹಠ ಹಿಡಿಯುವವರಿದ್ದಾರೆ. ನಾನು ಕತ್ತರಿಸುವುದಿಲ್ಲ. ತೂಕ ಇಳಿದಾಗ ಕೊಬ್ಬಿನ ಜೀವಕೋಶಗಳು ಕುಗ್ಗುತ್ತವೆ, ಸಂಖ್ಯೆ ಅಷ್ಟೇ ಇರುತ್ತದೆ; ಅವು ಮತ್ತೆ ಹಿಗ್ಗಬಹುದು. ದುಗ್ಗಮ್ಮನ ಜಾತ್ರೆ, ಮದುವೆ ಊಟ, ಬೆಣ್ಣೆ ದೋಸೆ ಇರುವ ಊರಿನಲ್ಲಿ ಎರಡು ಕೆಜಿ ಏರಿ ಇಳಿಯುವುದು ಸೋಲಲ್ಲ. ಹೊಲಿಗೆ ಬಿಚ್ಚಿದರೆ ಆಯಿತು.

5. ಜನರ ಮಾತಿಗೆ ಒಂದು ಉತ್ತರ ಇಟ್ಟುಕೊಳ್ಳಿ. ಹರಿಹರದ ಗಿರಾಕಿಯೊಬ್ಬರು ನೆಂಟರ ಮದುವೆಗೆ ಹೋಗುವುದನ್ನೇ ಬಿಟ್ಟಿದ್ದರು. ಕಂಡವರೆಲ್ಲ “ಏನಾಗೇತವ್ವಾ, ಶುಗರ್ ಬಂತೇನು? ಮಖ ಇಳದೋಗೇತಿ” ಅನ್ನುತ್ತಿದ್ದರಂತೆ. “ನಾನೇ ಇಳಿಸಿದ್ದು, ಆರಾಮಿದೀನಿ” ಎಂದಷ್ಟು ಹೇಳಿ ಮಾತು ಬದಲಿಸಿ ಎಂದೆ. ಪ್ರಯತ್ನವಿಲ್ಲದೆ ತಾನಾಗಿ ತೂಕ ಇಳಿಯುತ್ತಿದ್ದರೆ ಅದು ಬೇರೆ ವಿಷಯ. ಸಕ್ಕರೆ, ಥೈರಾಯ್ಡ್, ಟಿಬಿ ಎಲ್ಲವನ್ನೂ ತಪಾಸಣೆ ಮಾಡಿಸಲೇಬೇಕು.

6. ಕನ್ನಡಿ ನೋಡಲು ಭಯ, ಊಟ ಕಂಡರೆ ಭಯ, ಇನ್ನೂ ಇಳಿಸಬೇಕೆಂಬ ತಹತಹ ಬಿಡದಿದ್ದರೆ ಅದು ದರ್ಜಿಯ ಕೈಯಲ್ಲಿ ಆಗುವ ಕೆಲಸವಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಮನೆಯವರಲ್ಲಿ, ನೆಂಟರಲ್ಲಿ ಒಂದು ಬೇಡಿಕೆ: ತೂಕ ಇಳಿಸಿಕೊಂಡವರು ಎದುರಾದರೆ ಮೈ ಬಗ್ಗೆ ಒಳ್ಳೆಯದೂ ಬೇಡ, ಕೆಟ್ಟದ್ದೂ ಬೇಡ. ಆರಾಮಿದ್ದೀಯಾ ಎಂದು ಕೇಳಿ, ಪಕ್ಕದಲ್ಲಿ ಕೂರಿಸಿಕೊಳ್ಳಿ.